ಲಗ್ನಪತ್ರಿಕೆ ಹೊತ್ತ ಎಸ್‌ಎಸ್‌ಡಿ

ಲಗ್ನಪತ್ರಿಕೆ ಅಚ್ಚು ಹಾಕುವ ಇಂದುಧರನ ಲ್ಯಾಪ್‌ಟಾಪಿನೊಳಗೆ ಒಂದು ಎಸ್‌ಎಸ್‌ಡಿ ಇತ್ತು. ಕೊಟ್ಟ ಕಡತಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳುವುದೇ ಅದರ ಕೆಲಸ. ಬರಬರುತ್ತ ಅದು ನಿಧಾನವಾಯಿತು. ಇಂದುಧರ ವೇಗ ಅಳೆಯುವ ಮಾಪಕ ತಂತ್ರಾಂಶವನ್ನು ಕರೆತಂದು ಪರೀಕ್ಷೆಗಿಟ್ಟ. ಪಾಪ, ಎಸ್‌ಎಸ್‌ಡಿ ಏದುಸಿರು ಬಿಡುತ್ತ ಓಡಿತು. ಮುಳ್ಳು ಅರ್ಧಕ್ಕೂ ಏರಲಿಲ್ಲ.

"ಇದಕ್ಕೆ ವಯಸ್ಸಾಯಿತು, ಕಿತ್ತು ಹೊಸದನ್ನು ಹಾಕಿಸಬೇಕು," ಎಂದ ಇಂದುಧರ.

ಎಸ್‌ಎಸ್‌ಡಿಯ ಪಕ್ಕದಲ್ಲಿದ್ದ ಫ್ಯಾನು ಮೆಲ್ಲಗೆ ಕೇಳಿತು: "ಅಣ್ಣಾ, ಬೆನ್ನ ಮೇಲೆ ಅದೇನು ಹೊರೆ?"

"ಲಗ್ನಪತ್ರಿಕೆಗಳು. ಇದು ಹೊಸಕೇರಿಯವರದು, ಇದು ದ್ಯಾಮಣ್ಣನ ಮಗಳದು."

"ಅವನ್ನು ಅಚ್ಚಾದ ದಿನವೇ ಧಣಿ ಅಳಿಸಿದರಲ್ಲ! ಆ ಮದುಮಕ್ಕಳಿಗೆ ಮಕ್ಕಳಾಗಿ, ಅವು ಶಾಲೆಗೂ ಹೋಗುತ್ತಿವೆ. ನೀನಿನ್ನೂ ಹೊತ್ತಿದ್ದೀಯಾ?"

"ಅವರು ಕಡತಗಳ ಪಟ್ಟಿಯಿಂದ ಹೆಸರು ಅಳಿಸಿದರು, ಅಷ್ಟೇ. ಇಳಿಸು ಎಂದು ನನಗೆ ಯಾರೂ ಹೇಳಲಿಲ್ಲ. ಯಾರದೋ ಶುಭಕಾರ್ಯ, ನಾನಾಗಿ ಹೇಗೆ ಬಿಸಾಕಲಿ?"

ಇದನ್ನು ಕೇಳಿಸಿಕೊಂಡ ಮಾಪಕ ಪರದೆಯ ಮೇಲೆ ಬರೆಯಿತು: "ಅಳಿಸಿದ ಕಡತಗಳನ್ನು ಬಿಟ್ಟುಕೊಡಲು ಎಸ್‌ಎಸ್‌ಡಿಗೆ ಅಪ್ಪಣೆಯೇ ಸಿಕ್ಕಿಲ್ಲ. ಆ ಅಪ್ಪಣೆ ಕೊಡುವ ಟ್ರಿಮ್ ಗುಂಡಿ ಒತ್ತಿ."

ಇಂದುಧರ ಒತ್ತಿದ. "ಇಳಿಸು" ಎಂಬ ಮಾತು ಮೊದಲ ಬಾರಿಗೆ ಬಂತು. ಎಸ್‌ಎಸ್‌ಡಿ ಒಂದೊಂದೇ ಪತ್ರಿಕೆಯನ್ನು "ನೂರು ಕಾಲ ಬಾಳಿ" ಎಂದು ಹರಸಿ ಕೆಳಗಿಟ್ಟಿತು. ಮರುಪರೀಕ್ಷೆಯಲ್ಲಿ ಮುಳ್ಳು ತುದಿ ಮುಟ್ಟಿತು.

ಇಂದುಧರ ಲ್ಯಾಪ್‌ಟಾಪಿನ ಬೆನ್ನು ತಟ್ಟಿ ನಕ್ಕ. "ಅಲ್ಲಯ್ಯಾ, ಇಷ್ಟು ಓಡುವವನು ಆಗ ಯಾಕೆ ತೆವಳಿದೆ?"

"ಆಗಲೂ ಇಷ್ಟೇ ಜೀವ ಬಿಟ್ಟು ಓಡಿದ್ದೆ ಧಣಿ," ಎಂದಿತು ಎಸ್‌ಎಸ್‌ಡಿ. "ಊರವರ ಮದುವೆಗಳೆಲ್ಲ ಬೆನ್ನ ಮೇಲಿದ್ದವು."