ಗಡ್ಡ ಮತ್ತು ಕೊಡಲಿ

ರಷ್ಯಾದ ಉತ್ತರದಲ್ಲಿ, ಒಂದು ದೊಡ್ಡ ನದಿಯ ದಡದಲ್ಲಿ, ಸವ್ವಾ ಎಂಬ ಮುದುಕ ಸನ್ಯಾಸಿಯ ಆಶ್ರಮವಿತ್ತು. ಆಶ್ರಮವೆಂದರೆ ಎರಡು ಮರದ ಗುಡಿಸಲು, ಅಷ್ಟೇ. ಸನ್ಯಾಸಿಯಾಗುವ ಮೊದಲು ಅವನು ಹಡಗು ಕಟ್ಟುವ ಬಡಗಿ. ನಿಜ ಹೇಳಬೇಕೆಂದರೆ, ಪ್ರಾರ್ಥನೆಗಿಂತ ದೋಣಿ ಕಟ್ಟುವುದನ್ನೇ ಚೆನ್ನಾಗಿ ಕಲಿಸುತ್ತಿದ್ದ.

ಅವನಿಗಿದ್ದದ್ದು ಒಬ್ಬನೇ ಶಿಷ್ಯ, ಯೆರ್ಮಿಲ್. ಇಬ್ಬರೂ ಸೇರಿ ಒಂದು ದೋಣಿ ಕಟ್ಟುತ್ತಿದ್ದರು.

ಆ ದೋಣಿಯಲ್ಲಿ ದೊರೆಯ ಹೊಸ ಪಟ್ಟಣಕ್ಕೆ ಹೋಗಿ, ಅಲ್ಲಿ ಸತ್ತ ಅಪ್ಪನ ಹೆಸರಲ್ಲಿ ಒಂದು ಶಿಲುಬೆ ನೆಟ್ಟು ಬರಬೇಕೆಂಬುದು ಯೆರ್ಮಿಲ್‌ನ ಆಸೆ. ಜೌಗು ನೆಲದಲ್ಲಿ ಆ ಪಟ್ಟಣ ಕಟ್ಟಲು ಊರೂರಿನಿಂದ ಗಂಡಸರನ್ನು ಹಿಡಿದೊಯ್ದಿದ್ದರು. ಹೋದವರಲ್ಲಿ ಬಹಳ ಜನ ಮರಳಲೇ ಇಲ್ಲ.

ಒಂದು ಬೆಳಿಗ್ಗೆ ದಾರಿಹೋಕನೊಬ್ಬ ದೊರೆ ಸತ್ತ ಸುದ್ದಿ ತಂದ.

ಯೆರ್ಮಿಲ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಓಡಿಹೋಗಿ ಗುರುವಿಗೆ ಹೇಳಿದ. ಮುದುಕ ದೋಣಿಯ ಪಕ್ಕ ಕುಸಿದು ಕೂತು, ಮಗುವಿನ ಹಾಗೆ ಅತ್ತುಬಿಟ್ಟ.

ಶಿಷ್ಯನ ಮೈ ಉರಿದುಹೋಯಿತು.

"ನಮ್ಮಪ್ಪನ್ನ ಕೊಂದವನಿಗೋಸ್ಕರ ಅಳ್ತೀರಾ?"

"ಹೌದಪ್ಪ, ಅವನಿಗೋಸ್ಕರಾನೇ."

"ಹಾಗಾದ್ರೆ ನಾನು ಹೊರಟೆ. ನಿಮ್ಮ ದೋಣಿ ನೀವೇ ಇಟ್ಕೊಳ್ಳಿ."

"ಹೋಗುವೆಯಂತೆ. ಒಳಗೆ ನನ್ನ ಪೆಟ್ಟಿಗೆ ಇದೆ, ತಗೊಂಡು ಬಾ."

ಪೆಟ್ಟಿಗೆಯಲ್ಲಿ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಒಂದು ಹಿಡಿ ಕಂದು ಕೂದಲು.

"ನನ್ನ ಗಡ್ಡ," ಎಂದ ಗುರು. "ಹಡಗು ಕಟ್ಟೋ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ಇನ್ನು ಯಾರೂ ಗಡ್ಡ ಬಿಡಬಾರದು ಅಂತ ದೊರೆ ಕತ್ತರಿ ಹಿಡ್ಕೊಂಡು ಬಂದು ಎಲ್ಲರೆದುರು ಕತ್ತರಿಸಿಬಿಟ್ಟ. ನಗ್ತಾ ಇದ್ದ. ಗಡ್ಡ ಇಲ್ಲದವನನ್ನ ಸ್ವರ್ಗದ ಬಾಗಿಲಲ್ಲೇ ನಿಲ್ಲಿಸ್ತಾರೆ ಅಂತ ನಮ್ಮ ನಂಬಿಕೆ. ಆಮೇಲೆ ಬೇರೆ ಬೆಳೀತು, ಆದ್ರೆ ಅದು ಇದಲ್ಲವಲ್ಲ. ನನ್ನ ಜೊತೆ ಹೂಳಲಿ ಅಂತ ಎತ್ತಿಟ್ಟೆ."

"ಇಷ್ಟು ಮಾಡಿದವನಿಗೆ ಅಳೋದಾ!"

ಮುದುಕ ದೋಣಿಗೆ ಒರಗಿಸಿದ್ದ ಕೊಡಲಿಯನ್ನು ತೋರಿಸಿದ. ಯೆರ್ಮಿಲ್ ದಿನವೂ ಹಿಡಿಯುತ್ತಿದ್ದ ಕೊಡಲಿ ಅದು.

"ಇದನ್ನ ಕೊಟ್ಟವನೂ ಅವನೇ. ಮಾರನೇ ದಿನ ಅಂಗಿ ತೋಳು ಮಡಚಿ ನನ್ನ ಪಕ್ಕ ನಿಂತ. ಹಲಗೆ ಕೆತ್ತೋದನ್ನ ಕೈ ಹಿಡಿದು ಕಲಿಸಿದ. ತನ್ನ ರೊಟ್ಟಿ ಮುರಿದು ಅರ್ಧ ಕೊಟ್ಟ. ಹಸಿ ಮರದ ವಾಸನೆ, ನದಿ ಮೇಲಿನ ಗಾಳಿ... ಎಂಥಾ ದಿನಗಳು ಕಣೋ ಅವು! ನನಗಾಗ ನಿನ್ನ ವಯಸ್ಸು. ಅಷ್ಟು ಖುಷಿ ನನಗೆ ಮತ್ತೆಂದೂ ಆಗಲಿಲ್ಲ."

ಯೆರ್ಮಿಲ್ ಎರಡು ಹೆಜ್ಜೆ ಹಿಂದೆ ಸರಿದ.

"ಇನ್ನು ಆ ಕೊಡಲಿ ಮುಟ್ಟಲ್ಲ. ಅವನ ಕೊಡಲೀಲಿ ದೋಣಿ ಮಾಡ್ಕೊಂಡು ಅವನ ಪಟ್ಟಣಕ್ಕೆ ನಾನು ಹೋಗಲ್ಲ."

"ಅವನ ಪಟ್ಟಣಾನಾ? ಜೌಗಿನಲ್ಲಿ ಅದರ ಅಡಿಪಾಯಕ್ಕೆ ಕಂಬ ಹೊಡೆದವರು ಯಾರು?"

"ನಮ್ಮಪ್ಪ."

"ಮತ್ತೆ ಅದನ್ನ ದೊರೆಗ್ಯಾಕೆ ಬಿಟ್ಟುಕೊಡ್ತೀಯ?"

ಯೆರ್ಮಿಲ್‌ನ ಕಣ್ಣು ತುಂಬಿ ಬಂತು. ನದಿಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಆಮೇಲೆ ಕೇಳಿದ:

"ಅವನು ಒಳ್ಳೆಯವನಾ, ಕೆಟ್ಟವನಾ? ಅದನ್ನಾದರೂ ಹೇಳಿ."

ಮುದುಕ ಚೀಲದ ಬಾಯಿ ಕಟ್ಟಿ ತನ್ನ ನಿಲುವಂಗಿಯೊಳಗೆ ಇಟ್ಟುಕೊಂಡ. ಕೊಡಲಿಯನ್ನು ಎತ್ತಿ ಶಿಷ್ಯನ ಮುಂದೆ ಹಿಡಿದ.

"ಗಡ್ಡದ ಮಾತು ನಾನೂ ಅವನೂ ಮೇಲೆ, ಸ್ವರ್ಗದ ಬಾಗಿಲಲ್ಲಿ ಆಡ್ಕೋತೀವಿ. ನೀನು ಹಲಗೆ ಕೆತ್ತು, ಅಲ್ಲಿ ನಿಮ್ಮಪ್ಪ ಶಿಲುಬೆಗೆ ಕಾಯ್ತಿದಾನೆ."