ಕುಬಸದ ಕೆರೆಗೆ ಆ ಹೆಸರು ಬಂದ ಬಗೆ

ನಮ್ಮೂರು ಕರಡಿಹಾಳದ ಮೂಡಣಕ್ಕಿರುವ ಕುಬಸದ ಕೆರೆಗೆ ಈಗ ಕಾಲೇಜಿನ ಮಕ್ಕಳು ಕಾದಂಬರಿ ಹಿಡಿದುಕೊಂಡು ಬರುತ್ತಾರೆ. ಈಚಿನ ಫ್ಯಾಂಟಸಿ ಕಾದಂಬರಿಯೊಂದರಲ್ಲಿ ಈ ಕೆರೆಯ ಮಕರ ಬೆಂಕಿ ಉಗುಳುತ್ತದೆ. ರಾಜಕುಮಾರನೊಬ್ಬ ಅದರ ತಲೆ ಕಡಿಯುತ್ತಾನೆ. ಪುಸ್ತಕವನ್ನು ನಾನೂ ಒಂದೇ ಗುಕ್ಕಿನಲ್ಲಿ ಓದಿದೆ, ಚೆನ್ನಾಗಿದೆ. ಆದರೆ ನಮ್ಮ ಮಕರದ ಮೇಲೆ ಯಾರೂ ಕತ್ತಿ ಎತ್ತಿಲ್ಲ. ಮೂವರು ಹಿರಿಯರಿಂದ ಕೇಳಿ ನಾನು ಬರೆದಿಟ್ಟುಕೊಂಡ ಕಥೆಯಲ್ಲಿ, ಸೀರೆಯ ಬಣ್ಣವೊಂದನ್ನು ಬಿಟ್ಟರೆ, ಎಲ್ಲೂ ಭೇದವಿಲ್ಲ.

ಹಿಂದೆ ಒಮ್ಮೆ, ಕೆರೆ ಹೊಸದಾಗಿದ್ದಾಗ, ಮೂರು ಮಳೆಗಾಲ ಒಂದೇ ಜಾಗದಲ್ಲಿ ಏರಿ ಒಡೆದು ಕೆಳಗೇರಿಯ ಮನೆಗಳು ಕೊಚ್ಚಿಹೋದವು ಎನ್ನುತ್ತಾರೆ. ನಾಲ್ಕನೆಯ ಮಳೆಗೆ ಮುಂಚೆ, ಆನೆಯ ಸೊಂಡಿಲು, ಮೊಸಳೆಯ ಬಾಯಿ, ಮೀನಿನ ಬಾಲದ ಮಕರವೊಂದು ಏರಿಯನ್ನು ಬಾಲದಿಂದ ಬಡಿಯುವುದನ್ನು ಜನ ಕಂಡರು. ಕಳ್ಳಿಹಾಲು ಸುರಿದು ಅದನ್ನು ಕೊಲ್ಲಬೇಕೆಂದು ಊರಗೌಡ ಸಂಗನಗೌಡ ತೀರ್ಮಾನಿಸಿದ. ಕೊಡಗಳು ತುಂಬಿ ನಿಂತಿದ್ದವು. ಅಷ್ಟರಲ್ಲಿ ಸೂಲಗಿತ್ತಿ ಹುಲಿಗೆವ್ವ ಸೊಂಟದ ತನಕ ನೀರಿಗಿಳಿದು, ಮಕರದ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತಳು.

"ಗೌಡ್ರ, ಇದು ಬಸುರೈತಿ. ಮಗ್ಗಲಾ ಬದಲಸಾಕ ಜಾಗಾ ಸಾಲವಲ್ದು, ಅದಕ್ಕ ಬಡಿತೈತಿ."

"ನೀರಾಗಿನ ಪ್ರಾಣಿಗೂ ಸೂಲಗಿತ್ತಿ ಆದ್ಯಾ, ಮುದುಕಿ?"

"ನಿಮ್ಮನ್ನ ಎತ್ಕೊಂಡಿದ್ದೂ ಇದ ಕೈಲೆ. ನಿಮ್ಮವ್ವನ ಹೊಟ್ಟ್ಯಾಗ ನೀವೇನು ಕೈಕಟ್ಟಿ ಕುಂತಿದ್ರಾ?"

ಗೌಡ ನಕ್ಕ, ಆದರೆ ಕೊಡ ಇಳಿಸಲು ಹೇಳಲಿಲ್ಲ. ಕೇರಿಯ ಜನರ ಜೀವ ಅವನ ಕಣ್ಣ ಮುಂದಿತ್ತು. ಹುಲಿಗೆವ್ವ ಮನೆಗೆ ಹೋಗಿ ಸೀರೆ, ಕುಬಸ, ಹಸಿರು ಬಳೆ ತಂದಳು. ನಮ್ಮ ಕಡೆ ಬಸುರಿ ಮಗಳಿಗೆ ತವರಿನವರು ಕುಬಸ, ಅಂದರೆ ರವಿಕೆ, ಕೊಟ್ಟು ಉಡಿ ತುಂಬುತ್ತಾರೆ. ಆಮೇಲೆ ಹೆರಿಗೆಯಾಗುವ ತನಕ ಅವಳ ಭಾರವೆಲ್ಲ ತವರಿನದೇ. ಮುದುಕಿ ಎಲ್ಲರೆದುರು ಮಕರದ ಸೊಂಡಿಲಿಗೆ ಬಳೆ ಏರಿಸಿ, ಸೀರೆ, ಕುಬಸ ಹೊದಿಸಿ, ಊರಿನ ಹೆಸರಲ್ಲಿ ಉಡಿ ತುಂಬಿದಳು.

"ಈಗ ಇದು ನಿಮ್ಮೂರ ಮಗಳು. ಸುರೀರಿ ಕಳ್ಳಿಹಾಲು, ನೋಡೂಣು."

ಸುರಿಯುವ ಕೈ ಯಾವುದೂ ಮುಂದೆ ಬರಲಿಲ್ಲ. ಗೌಡನೇ ಮೊದಲು ಗುದ್ದಲಿ ಹಿಡಿದ. ಒಡೆಯುತ್ತಿದ್ದ ಜಾಗದಲ್ಲಿ ಏರಿಯನ್ನು ಹಿಂದಕ್ಕೆ ಸರಿಸಿ ಕಟ್ಟಿ, ಮಗಳಿಗೆ ಹೊರಳಲು ಜಾಗ ಮಾಡಿಕೊಟ್ಟರು. ಆ ವರ್ಷದ ಮಳೆಗೆ ಏರಿ ನಿಂತಿತು. ಮುಂದೆಂದೂ ಒಡೆಯಲಿಲ್ಲ ಎನ್ನುತ್ತಾರೆ.

ಬಂದವರು ಇಂದಿಗೂ ನೋಡಬಹುದು: ದಾರ ಹಿಡಿದಂತೆ ನೇರವಾಗಿರುವ ಏರಿ ನಡುವೆ ಒಂದು ಕಡೆ ಮಾತ್ರ ದುಂಡಗೆ ಹೊರಕ್ಕೆ ಉಬ್ಬಿದೆ. ಹೋದ ವರ್ಷ ಅಳತೆಗೆ ಬಂದ ಎಂಜಿನಿಯರ್ ಒಬ್ಬರು ಅದನ್ನು ನೇರ ಮಾಡಿಬಿಡೋಣವೇ ಎಂದು ಕೇಳಿದರು. ಅಲ್ಲೇ ಬಟ್ಟೆ ಒಗೆಯುತ್ತಿದ್ದ ಶಾವಂತ್ರವ್ವ ತಲೆಯೆತ್ತದೆ ಹೇಳಿದಳು: "ಮಗಳು ಹಡಿಯೂ ತನಕಾ ತಡೀರಿ, ಸಾಹೇಬ್ರ."