ಅಂದಾನಿ ಮಷಿನ್ನಿಗೆ ಪ್ರಶ್ನೆ ಕಲಿಸಿದ್ದು

ಎಲ್ಲಾರೂ ಕುಂತ್ರೇನ್ರಪಾ? ಹಂಗಾದರೆ ಕೇಳಿ. ನಮ್ಮ ಕಡೆ ಒಂದೂರು. ಹೆಸರು ಹೇಳಿದರೆ ಆ ಊರಿನವರು ಬಡಿಗೆ ಹಿಡಿದು ಬರುತ್ತಾರೆ, ಅದಕ್ಕೇ ಹೇಳುವುದಿಲ್ಲ. ಆ ಊರ ಬಸ್ ಸ್ಟ್ಯಾಂಡಿನ ಎದುರಿಗೆ ಫಕ್ಕೀರವ್ವನ ಮಿರ್ಚಿ ಭಜಿ ಅಂಗಡಿ. ಭಜಿ ಅಂದರೆ ಭಜಿ. ತಿನ್ನುತ್ತಾ ಕೂತು ಬಸ್ಸು ತಪ್ಪಿಸಿಕೊಂಡವನೂ ಬೈಯದೆ ಇನ್ನೊಂದು ಪ್ಲೇಟು ಹೇಳುತ್ತಿದ್ದ. ಇಂಥ ಫಕ್ಕೀರವ್ವನಿಗೆ ಒಬ್ಬನೇ ಮಗ, ಅಂದಾನಿ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಇಳಿದುಕೊಂಡಿತ್ತು. ಹೇಳಿದ ಮಾತು ಮೀರುವವನಲ್ಲ, ಅದೇ ತಾಪತ್ರಯ. ಎಷ್ಟು ಹೇಳಿದರೆ ಅಷ್ಟೇ, ಹೇಗೆ ಹೇಳಿದರೆ ಹಾಗೇ. ಮಾಡಿದ್ದರ ಮೇಲೆ ಅವನಿಗೆ ಎಳ್ಳಷ್ಟೂ ಸಂಶಯವಿಲ್ಲ. ಊರಿಗೇ ಪಾಠ ಹೇಳುವವನಂತೆ ಎದೆ ಸೆಟೆಸಿ ನಿಲ್ಲುತ್ತಿದ್ದ.

ಒಂದು ದಿನ ಫಕ್ಕೀರವ್ವ ಸಂತೆಗೆ ಹೊರಟಳು. "ಅಂದಾನಿ, ನಾ ಬರೋತನಕ ಕರೀತಿರು" ಅಂದಳು. ಅಂದಾನಿ ಕರಿದ. ಬಸ್ಸು ಕೆಟ್ಟು ಅವ್ವ ಬರುವುದು ತಡವಾಯಿತು. ಹಿಟ್ಟು ತೀರಿತು, ಬರೀ ಮೆಣಸಿನಕಾಯಿ ಕರಿದ. ಮೆಣಸಿನಕಾಯಿ ತೀರಿತು, ಉಳ್ಳಾಗಡ್ಡಿ ಕರಿದ. ಉಳ್ಳಾಗಡ್ಡಿ ತೀರಿತು. ಅವ್ವ ಬಂದು ನೋಡುತ್ತಾಳೆ, ಕಡಾಯಿಯಲ್ಲಿ ಕೈ ಒರೆಸುವ ಬಟ್ಟೆ ಗರಿಗರಿಯಾಗಿ ತೇಲುತ್ತಿದೆ.

"ಏನಲೇ ಇದು?"

"ನೀ ಬರೋತನಕ ಕರಿ ಅಂದಿದ್ದೆಲ್ಲವ್ವ. ಈಗ ಬಂದಿ. ನಿಲ್ಲಸ್ತೀನಿ ತಗೋ."

ಫಕ್ಕೀರವ್ವ ಹಣೆ ಹಣೆ ಬಡಿದುಕೊಂಡಳು. "ಹಿಟ್ಟು ತೀರಿದ ಕೂಡ್ಲೆ ನಿಲ್ಲಸ್ಬೇಕಲೇ. ಮಾಡಿದ ಕೆಲಸ ಅಲ್ಲಲ್ಲೇ ಮುಗಸ್ಬೇಕು. ಇದಾತು, ಮುಗೀತು, ಅನ್ನಬೇಕು."

"ಆತವ್ವ. ಇನ್ನ ಮ್ಯಾಲೆ ಅಲ್ಲಲ್ಲೇ ಮುಗಸ್ತೀನಿ."

ಅದೇ ದಿನಗಳಲ್ಲಿ ಟೈಪಿಂಗ್ ಕ್ಲಾಸಿನ ಗುರಿಕಾರ ಮಾಸ್ತರು ಊರಿಗೆ ಮೊದಲ ಕಂಪ್ಯೂಟರು ತಂದಿದ್ದರು. ಅದರ ಧೂಳು ಒರೆಸಲು, ಬಂದವರನ್ನು ಕೂರಿಸಿ ತೋರಿಸಲು ಒಬ್ಬ ಹುಡುಗ ಬೇಕಾಗಿದ್ದ. ಫಕ್ಕೀರವ್ವ ಮಗನ ರೆಟ್ಟೆ ಹಿಡಿದು ಅಲ್ಲಿಗೆ ಎಳೆದೊಯ್ದಳು. ಎಣ್ಣೆಯಿಲ್ಲದ ಕಡೆ ಇವನಿಗೊಂದು ಕೆಲಸ ಸಿಕ್ಕರೆ ಸಾಕಿತ್ತು ಆ ತಾಯಿಗೆ. ಇಲ್ಲವಾದರೆ ಇವತ್ತು ಬಟ್ಟೆ ಕರಿದವನು ನಾಳೆ ಅಂಗಡಿಯನ್ನೇ ಕರಿಯುತ್ತಾನೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಮಾಸ್ತರು ಕನ್ನಡಕ ಏರಿಸಿ ನೋಡಿದರು. "ಬೇಸಿಕ್ ಅಂತ ಮಷಿನ್ ಭಾಷಾ ಐತಿ. ಅದರಾಗ ಇವ ಒಂದು ಕ್ವಿಝ್ ಬರೀಲಿ. ಮಷಿನ್ ಪ್ರಶ್ನೆ ಕೇಳಬೇಕು, ಮಂದಿ ಉತ್ತರ ಹೇಳಬೇಕು, ಸರಿಯೋ ತಪ್ಪೋ ಮಷಿನ್ನ ಹೇಳಬೇಕು. ಈ ಕಂಪ್ಯೂಟರ್ ಉದ್ಘಾಟನಾದ ದಿನ ಪಂಚಾಯ್ತಿ ಚೇರ್ಮನ್ನರ ಮುಂದ ನಡೀತು ಅಂದ್ರ ಕೆಲಸ ಇವನಿಗೆ. ನಡುವ ನಿಂತ್ರ, ಫಕ್ಕೀರವ್ವ, ನಿನ್ನ ಮಗಾ ನಿನ್ನ ಕಡಾಯಿಗೆ."

ಪಾಠ ಶುರುವಾಯಿತು. "ನೋಡು ಅಂದಾನಿ, ಸಾಲಿಗೊಂದು ನಂಬರು. ಹತ್ತು, ಇಪ್ಪತ್ತು, ಮೂವತ್ತು. ಮಷಿನ್ ಮ್ಯಾಲಿಂದ ಓದಕೋಂತ ಬರತೈತಿ. ತೋರಸಾಕ ಪ್ರಿಂಟ್, ಕೇಳಾಕ ಇನ್‌ಪುಟ್, ಮುಗಸಾಕ ಎಂಡ್. ಇದಕ್ಕ ಸ್ವಂತ ಬುದ್ಧಿ ಇಲ್ಲ. ಹೇಳಿದಷ್ಟ ಮಾಡತೈತಿ."

"ಹಂಗಾರ ಭಾಳ ಶಾಣ್ಯಾ ಐತ್ರಿ ಸರ್" ಅಂದ ಅಂದಾನಿ.

ಕೂತು ಬರೆದ. ಮಾಸ್ತರು ಬಂದು ಅದನ್ನು ಮಷಿನ್ನಿನಲ್ಲಿ ಓಡಿಸಿ ನೋಡಿದರು. ಪರದೆಯ ಮೇಲೆ 'ನಮಸ್ಕಾರ' ಎಂದು ಬಂತು. ಅಷ್ಟೇ. ಮತ್ತೆ ಓಡಿಸಿದರು, ಮತ್ತೆ ನಮಸ್ಕಾರ, ಅಷ್ಟೇ. ಒಳಗೆ ನೋಡುತ್ತಾರೆ, ಒಂದೊಂದು ಸಾಲಿನ ಕೆಳಗೂ ಒಂದೊಂದು ಎಂಡ್.

"ಇದೇನೋ, ಸಾಲಿಗೊಂದು ಎಂಡ್ ಯಾಕ?"

"ಮಾಡಿದ ಕೆಲಸ ಅಲ್ಲಲ್ಲೇ ಮುಗಸ್ಬೇಕು ಅಂದಾಳ್ರಿ ನಮ್ಮವ್ವ."

"ನಿಮ್ಮವ್ವ ಭಜಿಗೆ ಅಂದಿರಬೇಕಲೇ. ಇಲ್ಲೆ ಎಂಡ್ ಕಡೀಕ ಒಂದ. ಪ್ರಶ್ನೆ ಕೇಳಿದ ಮ್ಯಾಲೆ ಕಾಯಬೇಕು. ಉತ್ತರ ಬರೋತನಕ ಮುಂದ ಹೋಗಬಾರದು. ತಿಳೀತೇನು?"

"ತಿಳೀತ್ರಿ. ಕಾಯ್ತೀನಿ."

ಮರುದಿನ ಅಂದಾನಿ ಪ್ರಶ್ನೆ ಬರೆದು ಓಡಿಸಿದ. ಮಷಿನ್ನು 'ಕರ್ನಾಟಕದ ರಾಜಧಾನಿ ಯಾವುದು?' ಎಂದು ಕೇಳಿ ಸುಮ್ಮನಾಯಿತು. ಅಂದಾನಿ ಕೈಕಟ್ಟಿ ಕೂತ. ಅದು ಇವನ ಉತ್ತರ ಕಾಯುತ್ತಿದೆ, ಇವನು ಅದರ ಉತ್ತರ ಕಾಯುತ್ತಿದ್ದಾನೆ. ಮಧ್ಯಾಹ್ನವಾಯಿತು. ಟೈಪಿಂಗಿನ ಹುಡುಗಿಯರು ಬಂದರು, ಹೋದರು. ಫಕ್ಕೀರವ್ವ ಬುತ್ತಿ ತಂದು ಕರೆದಳು. "ಸುಮ್ಮನಿರವ್ವ, ಉತ್ತರ ಬರೋತನಕ ಹೋಗಬಾರದು ಅಂದಾರ." ಸಂಜೆ ಬೀಗ ಹಾಕಲು ಬಂದ ಮಾಸ್ತರಿಗೆ ಎರಡೂ ಹಾಗೇ ಎದುರುಬದುರು ಕೂತಿರುವುದು ಕಂಡಿತು.

"ಲೇ, ಉತ್ತರ ಮಷಿನ್ ಎಲ್ಲಿಂದ ತರತೈತಿ? ಅದಕ್ಕ ಏನು ಗೊತ್ತು? ಸರಿ ಉತ್ತರ ಯಾವುದು ಅಂತ ನೀನ ಮೊದಲ ಹೇಳಿ ಇಟ್ಟಿರಬೇಕು."

"ಅಷ್ಟ ಏನ್ರಿ? ಹೇಳಿ ಇಡ್ತೀನಿ."

ಹೇಳಿ ಇಟ್ಟ. ಮರುದಿನ ಮಾಸ್ತರು ಕೂತಾಗ ಪರದೆಯ ಮೇಲೆ ಇಷ್ಟು ದಪ್ಪಕ್ಷರದಲ್ಲಿ ಬಂತು: 'ಕರ್ನಾಟಕದ ರಾಜಧಾನಿ ಬೆಂಗಳೂರು.' ಅದರ ಕೆಳಗೆ: 'ಕರ್ನಾಟಕದ ರಾಜಧಾನಿ ಯಾವುದು?'

"ಯಾರೂ ತಪ್ಪಂಗಿಲ್ರಿ ಸರ್" ಅಂದ ಅಂದಾನಿ, ಎದೆ ಸೆಟೆಸಿ.

ಮಾಸ್ತರ ತಾಳ್ಮೆ ಅಲ್ಲಿಗೆ ತೀರಿತು. ಉದ್ಘಾಟನೆ ತಲೆಯ ಮೇಲೆ ಬಂದಿತ್ತು. ತಾವೇ ಕೀಬೋರ್ಡು ಎಳೆದುಕೊಂಡು ಸಾಲು ಸರಿಮಾಡಿ, ಎಲ್ಲಿ ಪ್ರಶ್ನೆ, ಎಲ್ಲಿ ಉತ್ತರ ಅಂತ ತೋರಿಸಿಕೊಟ್ಟರು. ಆಮೇಲೆ ಇದ್ದಬದ್ದ ಬುದ್ಧಿಮಾತನ್ನೆಲ್ಲ ಒಂದೇ ಉಸಿರಿಗೆ ಸುರಿದರು. "ಉತ್ತರ ಮುಚ್ಚಿಡು. ನಿನಗ ಖಾತ್ರಿ ಗೊತ್ತಿದ್ದ ಪ್ರಶ್ನೆ ಒಂದ ಕೇಳು, ಸಾಕು. ತಪ್ಪಿದವರನ್ನ ಬಿಡಬ್ಯಾಡ, ಮತ್ತ ಪ್ರಶ್ನೆಗೆ ಕಳಸು. ಬದಿಯವರು ಹೇಳಿಕೊಟ್ರ ತಗೋಬ್ಯಾಡ. ಟೈಪ್ ಬರಲಾರದವರು ಬಾಯಿಲೆ ಹೇಳಲಿ, ಅವರು ಹೇಳಿದ್ದನ್ನ ಒಂದಕ್ಷರ ಬಿಡದ ನೀ ಹೊಡಿ. ಆವತ್ತ ನನ್ನ ಮಾರಿ ನೋಡಬ್ಯಾಡ, ಎಲ್ಲಾ ನೀನ ನಡಸು."

"ನಡಸ್ತೀನ್ರಿ. ಕಾಳಜಿ ಬಿಡ್ರಿ." ಕಾಳಜಿ ಮಾಡಬೇಕಾದದ್ದು ಅಲ್ಲೇ. ಆದರೆ ಮಾಸ್ತರಿಗೆ ಅದು ಹೊಳೆಯಲಿಲ್ಲ.

ಉದ್ಘಾಟನೆಯ ದಿನ ಊರಿಗೆ ಊರೇ ಬಂತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಮುಂದೆ ಕುರ್ಚಿಯಲ್ಲಿ ಚೇರ್ಮನ್ ಅಮರೇಗೌಡರು, ಮೀಸೆಗೆ ಎಣ್ಣೆ ಸವರಿಕೊಂಡು. ಫಕ್ಕೀರವ್ವ ಬುಟ್ಟಿ ತುಂಬ ಮಿರ್ಚಿ ಕರಿದು ತಂದಿದ್ದಳು. ಹಿಂದೆ ಬಾಗಿಲ ಹತ್ತಿರ ಅವಳ ಗಂಡ ನಿಂತಿದ್ದ, ಭುಜದ ಮೇಲೆ ಟವೆಲ್ಲು ಹಾಕಿಕೊಂಡು. ಗೌಡರು ಟೇಪು ಕತ್ತರಿಸಿದರು, ಮಿರ್ಚಿ ತಿಂದರು, ಸಂತೋಷಪಟ್ಟರು. "ಮೊದಲು ಈ ಮಿರ್ಚಿ ಮಾಡಿದ ತಾಯಿ ಕೂಡ್ಲಿ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಫಕ್ಕೀರವ್ವ ಸೆರಗು ಸರಿಮಾಡಿಕೊಂಡು ಮಷಿನ್ನಿನ ಮುಂದೆ ಕೂತಳು.

ಅಂದಾನಿ ಓಡಿಸಿದ. ಪ್ರಶ್ನೆ ಬಂತು. ಅವ್ವನಿಗಾಗಿ ಗಟ್ಟಿಯಾಗಿ ಓದಿದ: "ಅಂದಾನಿಯ ಅಪ್ಪನ ಹೆಸರೇನು?"

ಬೆಂಗಳೂರನ್ನು ಅವನು ಕಣ್ಣಾರೆ ಕಂಡಿರಲಿಲ್ಲ, ಖಾತ್ರಿ ಗೊತ್ತಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ಫಕ್ಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನ ಹೆಸರು! ಲಗ್ನವಾದಾಗಿನಿಂದ ಒಮ್ಮೆಯೂ ತುಟಿಗೆ ಬಂದದ್ದಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದ ಮನೆಯವಳ ಕೈಲಿ ಹೇಳಿಸಿದವಳು. ಹೆಂಗಸರ ಕಡೆಯಿಂದ ಕಿಸಕ್ಕನೆ ನಗು ಬಂತು.

"ಯಾಕವ್ವ, ಗೊತ್ತಿಲ್ಲೇನು?"

"ಗೊತ್ತೈತಲೇ. ಹೆಂಗ ಹೇಳಲಿ? ಬ್ಯಾರೆ ಕೇಳು."

"ಬ್ಯಾರೆ ಇಲ್ಲವ್ವ."

ಯಾರೋ ಹಿಂದಿನಿಂದ "ಕಳಕಪ್ಪ" ಅಂದರು. "ಬದಿಯವರದು ತಗೋಳಂಗಿಲ್ಲ" ಅಂದ ಅಂದಾನಿ. ಮಾಸ್ತರು ಕೆಮ್ಮಿದರು. ಅವನು ಅವರ ಮುಖ ನೋಡಲಿಲ್ಲ, ನೋಡಬೇಡ ಅಂದಿದ್ದರಲ್ಲ.

ಫಕ್ಕೀರವ್ವ ಒಮ್ಮೆ ಮಗನನ್ನು ನೋಡಿದಳು, ಒಮ್ಮೆ ಗೌಡರನ್ನು ನೋಡಿದಳು. ಇಲ್ಲಿಗೆ ನಿಂತರೆ ಮಗನ ಕೆಲಸವೂ ನಿಂತಂತೆ. ಎದೆ ಗಟ್ಟಿ ಮಾಡಿದಳು. ಬರೀ ಹೆಸರು ಹೇಳಬಾರದು, ಒಡಪು ಕಟ್ಟಿ ಪದ್ಯದೊಳಗೆ ಹೆಣೆದು ಹೇಳಿದರೆ ದೋಷವಿಲ್ಲ. ಸೆರಗು ತಲೆ ಮೇಲೆ ಹೊದ್ದು ಹೇಳಿಯೇಬಿಟ್ಟಳು:

"ಮೆಣಸಿನಕಾಯಿಗೆ ಹಿಟ್ಟಿನ ಅಂಗಿ, ಅಂಗಿಗೆ ಬಂತು ಎಣ್ಣಿಯ ರಂಗ, ಏಳೇಳು ಜನ್ಮಕ್ಕ ಇರಲಿ ನನಗ ಕಳಕಪ್ಪನವರ ಸಂಗ."

ಹೆಂಗಸರೆಲ್ಲ ಹೋ ಎಂದರು. ಬಾಗಿಲ ಹತ್ತಿರ ಕಳಕಪ್ಪ ಕೆಂಪಗಾದ. ಅಂದಾನಿ ಒಂದಕ್ಷರ ಬಿಡದೆ, ನಡುವಿನ ಕಾಮಾ ಸಹಿತ, ಅಷ್ಟನ್ನೂ ಹೊಡೆದ. ಕಾಮಾ ಕಂಡರೆ ಆ ಮಷಿನ್ನಿಗೆ ಆಗಿಬರದು. ಇಂಗ್ಲಿಷಿನಲ್ಲಿ ಏನೋ ತೋರಿಸಿತು.

"ಏನಂತೈತೋ?" ಗೌಡರು ಕೇಳಿದರು.

"ಮೊದಲಿಂದ ಮತ್ತ ಮಾಡು ಅಂತೈತ್ರಿ. ಅವ್ವಾ, ಮೊದಲಿಂದ ಹೇಳು."

ಫಕ್ಕೀರವ್ವ ಮತ್ತೆ ಹೇಳಿದಳು. ಮಷಿನ್ನು ಮತ್ತೆ ಮೊದಲಿಂದ ಅಂದಿತು. ಅವಳು ಇನ್ನೊಮ್ಮೆ ಹೇಳಿದಳು. ಈ ಸಲ ಹೆಂಗಸರೆಲ್ಲ ಕೂಡಿಯೇ ಹಾಡಿದರು. ಕಳಕಪ್ಪ ಟವೆಲ್ಲು ಮುಖಕ್ಕೆ ಹಾಕಿಕೊಂಡ. ಮಾಸ್ತರು ತಡೆಯಲಾರದೆ ಕೂಗಿದರು: "ಕಾಮಾ ತಗೀಯೋ!"

ಅಂದಾನಿ ಕಾಮಾ ಮಾತ್ರ ತೆಗೆದ. ಮೆಣಸಿನಕಾಯಿ, ಅಂಗಿ, ರಂಗ, ಏಳೇಳು ಜನ್ಮ ಎಲ್ಲ ಹಾಗೇ ಹೊಡೆದ. ಮಷಿನ್ನು ಹೇಳಿತು: ತಪ್ಪು.

ಫಕ್ಕೀರವ್ವ ಎದ್ದು ನಿಂತಳು. "ತಪ್ಪ? ಇಷ್ಟ ವರ್ಷ ಬಾಳೇವು ಮಾಡೀನಿ, ನನ್ನ ಗಂಡ ಯಾರು ಅಂತ ನನಗಿಂತ ಇದಕ್ಕ ಗೊತ್ತೇನು?"

"ಸಿಟ್ಟಾಗಬ್ಯಾಡವ್ವ, ಕೂಡು. ಸರಿ ಉತ್ತರ ಯಾವುದು ಅಂತ ಮೊದಲ ಹೇಳಿ ಇಡಬೇಕಿತ್ತು. ನನ್ನದ ತಪ್ಪು." ಹೀಗಂದವನೇ ತಾನು ಬರೆದಿಟ್ಟ ಸಾಲುಗಳನ್ನು ಪರದೆಗೆ ತಂದ. ಉತ್ತರದ ಸಾಲಿನಲ್ಲಿ ಕಳಕಪ್ಪ ಎಂದು ಇದ್ದುದನ್ನು ಅಳಿಸಿ, ಅವ್ವ ಹೇಳಿದ ಒಡಪನ್ನು ಪೂರ್ತಿ ಕೂರಿಸಿದ. ಮತ್ತೆ ಓಡಿಸಿದ. ಅವ್ವ ಹೇಳಿದಳು, ಮಗ ಹೊಡೆದ, ಮಷಿನ್ನು 'ಸರಿ' ಅಂದಿತು. ಚಪ್ಪಾಳೆಗೆ ಹಂಚು ಹಾರುವುದೊಂದು ಬಾಕಿ. ಫಕ್ಕೀರವ್ವ ಗೆದ್ದವಳ ಹಾಗೆ ಎದ್ದಳು.

"ಇನ್ನ ನೀವು ಬರ್ರಿ ಗೌಡ್ರ" ಅಂದ ಅಂದಾನಿ.

ಗೌಡರು ನಗುತ್ತಾ ಬಂದು ಕೂತರು. ಅದೇ ಪ್ರಶ್ನೆ ಬಂತು. "ಇದೇನು ದೊಡ್ಡದು. ಕಳಕಪ್ಪ."

ತಪ್ಪು.

"ನಿಮ್ಮಪ್ಪ ಕಳಕಪ್ಪ ಅಲ್ಲೇನೋ?"

"ಹೌದ್ರಿ. ಆದರ ತಪ್ಪ್ರಿ."

ಗೌಡರು ಏಳಲು ಹೋದರು. ಅಂದಾನಿ ಭುಜ ಒತ್ತಿ ಕೂರಿಸಿದ. "ತಪ್ಪಿದವರನ್ನ ಬಿಡಂಗಿಲ್ರಿ." ಗೌಡರು ಕಳಕಪ್ಪನ ಅಡ್ಡಹೆಸರು ಹೇಳಿದರು, ತಪ್ಪು. ಅವನ ಅಪ್ಪನ ಹೆಸರು ಕೂಡಿಸಿ ಹೇಳಿದರು, ತಪ್ಪು. ಭಜಿ ಮಾರುವ ಹೆಣ್ಣುಮಗಳು ಗೆದ್ದ ಕುರ್ಚಿಯಿಂದ ಚೇರ್ಮನ್ನರು ಸೋತು ಏಳುವುದೇ? ಗೌಡರಿಗೂ ಹಟ ಬಂತು. ಮಂದಿಯ ಕಡೆ ಒಮ್ಮೆ ನೋಡಿದರು, ಮೀಸೆ ಒರೆಸಿಕೊಂಡರು, ಹೆಗಲ ಮೇಲಿನ ಶಲ್ಯ ಎತ್ತಿ ತಲೆಗೆ ಹೊದ್ದುಕೊಂಡರು. ಆಮೇಲೆ ಇಡೀ ಊರ ಮುಂದೆ, ತುಂಬು ಕಂಠದಲ್ಲಿ, ಮೆಣಸಿನಕಾಯಿಯಿಂದ ಹಿಡಿದು ಪೂರ್ತಿ ಹೇಳಿದರು: ಏಳೇಳು ಜನ್ಮಕ್ಕೂ ತಮಗೆ ಕಳಕಪ್ಪನವರ ಸಂಗವೇ ಇರಲಿ.

ಮಷಿನ್ನು 'ಸರಿ' ಅಂದಿತು. ಕಳಕಪ್ಪ ಬಾಗಿಲಿಂದ ಓಡಿದ.

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗೌಡರು ಶಲ್ಯ ಇಳಿಸಿ ಬೆವರು ಒರೆಸಿಕೊಂಡು ಹೇಳಿದರು: "ಮಾಸ್ತರ, ಇದು ನಡುವ ನಿಲ್ಲಲಿಲ್ಲ, ಅದಂತೂ ಖರೆ. ಈ ಹುಡುಗನ್ನ ನೀವ ಇಟ್ಟಕೊಳ್ರಿ. ಇಲ್ಲಿಂದ ಹೊರಗ ಮಾತ್ರ ಬಿಡಬ್ಯಾಡ್ರಿ, ಊರು ಉಳಿಯಂಗಿಲ್ಲ."

ಫಕ್ಕೀರವ್ವನ ಕಣ್ಣಲ್ಲಿ ನೀರು ಬಂತು. ಕೆಲಸ ಸಿಕ್ಕಿತಲ್ಲ! ಸಂಜೆ ಗೋಧಿ ಹುಗ್ಗಿ ಮಾಡಿ, ತುಪ್ಪ ಬಡಿಸಿಟ್ಟು, ಮಗನ ದಾರಿ ಕಾದಳು. ಮಗ ಬರಲಿಲ್ಲ. ಹುಡುಕಿಕೊಂಡು ಹೋದರೆ ಅಂದಾನಿ ಕ್ಲಾಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಜಡಿದು, ಕಿಟಕಿಯ ಸರಳು ಹಿಡಿದು, ಎದೆ ಸೆಟೆಸಿ ನಿಂತಿದ್ದ.

"ಮನಿಗೆ ಬಾರಲೇ, ಹುಗ್ಗಿ ಆರತೈತಿ."

"ಬರಾಕ ಬರಂಗಿಲ್ಲವ್ವ. ಇಲ್ಲಿಂದ ಹೊರಗ ಬಿಡಬ್ಯಾಡ್ರಿ ಅಂದಾರ ಚೇರ್ಮನ್ನರು. ಹುಗ್ಗಿ ಇಲ್ಲೇ ತಗೊಂಬಾ."